ಬೆಕ್ಕನ್ನು ಒಳಗಿಡುವುದೋ, ಹೊರಗೆ ಬಿಡುವುದೋ?

ಬೆಕ್ಕಿನ ಮರಿ ತಂದವರೆಲ್ಲ ಕೆಲವೇ ದಿನಗಳಲ್ಲಿ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಬೆಳೆದ ಮೇಲೆ ಇದನ್ನು ಹೊರಗೆ ಬಿಡಬೇಕೋ, ಒಳಗೇ ಇಟ್ಟುಕೊಳ್ಳಬೇಕೋ? ಬ್ರಿಟನ್ನಿನ ಪಶುವೈದ್ಯರನ್ನು ಕೇಳಿದರೆ, ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ಮುಗಿಸಿ ಹೊರಗೆ ಬಿಡಿ ಎನ್ನುವವರೇ ಹೆಚ್ಚು. ಅಮೆರಿಕದವರನ್ನು ಕೇಳಿದರೆ ಒಳಗಿಡಿ ಎನ್ನುತ್ತಾರೆ. ಅಲ್ಲಿನ ಪಶುವೈದ್ಯಕೀಯ ಸಂಘದ ನಿಲುವೂ ಅದೇ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ ಇರುವ ಪ್ರಾಂತ್ಯದಲ್ಲಂತೂ ಪ್ರಶ್ನೆಗೆ ಜಾಗವೇ ಇಲ್ಲ. 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳು ಸಾಕಿದವರ ಆವರಣದೊಳಗೇ ಇರಬೇಕೆಂದು ಅಲ್ಲಿ ಕಾನೂನಿದೆ.

ಮೂರೂ ಕಡೆಯವರು ಓದುವುದು ಒಂದೇ ವಿಜ್ಞಾನವನ್ನು. ಉತ್ತರ ಬೇರೆಯಾಗುವುದು ಬಾಗಿಲಾಚೆ ಇರುವ ಲೋಕ ಬೇರೆಯಾಗಿರುವುದರಿಂದ. ಬ್ರಿಟನ್ನಿನ ನೆಲದ ಪ್ರಾಣಿಗಳಲ್ಲಿ ರೇಬೀಸ್ ಇಲ್ಲ, ಬೆಕ್ಕನ್ನು ಹಿಡಿದು ತಿನ್ನುವ ದೊಡ್ಡ ಕಾಡುಪ್ರಾಣಿಗಳೂ ಇಲ್ಲ. ಅಲ್ಲಿನ ಹಕ್ಕಿಗಳು ಸುಮಾರು ಎರಡು ಸಾವಿರ ವರ್ಷಗಳಿಂದ ಬೆಕ್ಕಿನೊಡನೆ ಬಾಳಿವೆ. ಅಮೆರಿಕದಲ್ಲಿ ಊರಂಚಿಗೆ, ಕೆಲವೊಮ್ಮೆ ಊರೊಳಕ್ಕೇ ಬರುವ ಕಾಯೋಟಿ ಎಂಬ ತೋಳದ ಜಾತಿಯ ಪ್ರಾಣಿ ಇದೆ, ರೇಬೀಸ್ ಇದೆ. ಆಸ್ಟ್ರೇಲಿಯಾದಲ್ಲಿ ಯುರೋಪಿಯನ್ನರು ಬರುವವರೆಗೆ ಬೆಕ್ಕಿನ ಕುಲದ ಒಂದೇ ಒಂದು ಪ್ರಾಣಿಯೂ ಇರಲಿಲ್ಲ; ಅಲ್ಲಿನ ಸಣ್ಣ ಜೀವಿಗಳಿಗೆ ಈ ಬಗೆಯ ಬೇಟೆಗಾರನಿಂದ ತಪ್ಪಿಸಿಕೊಳ್ಳುವ ರೂಢಿಯೇ ಬೆಳೆದಿರಲಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು, ‘ಹೊರಗೆ’ ಎಂದರೆ ಯಾವ ಹೊರಗು ಎಂದು. ಜನ ಮರೆಯುವ ಇನ್ನೊಂದು ಪ್ರಶ್ನೆಯೂ ಇದೆ: ‘ಒಳಗೆ’ ಎಂದರೆ ಎಂಥ ಒಳಗು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಊರುಗಳಲ್ಲಿ, ಹೆಚ್ಚಿನ ಬೆಕ್ಕುಗಳಿಗೆ, ಬಾಗಿಲು ಹಾಕುವುದೇ ಸರಿ. ಆದರೆ ಹಾಗೆ ಬಾಗಿಲು ಹಾಕಿದವರು ಅಲ್ಲಿಯವರೆಗೆ ಹೊರಗಿನ ಲೋಕ ಮಾಡುತ್ತಿದ್ದ ಕೆಲಸವನ್ನೆಲ್ಲ ತಮ್ಮ ಹೆಗಲಿಗೆ ಹಾಕಿಕೊಂಡಂತೆ. ಆ ಕೆಲಸ ಸಣ್ಣದಲ್ಲ, ದಿನವೂ ಇರುತ್ತದೆ.

ಒಳಗಿನ ಬೆಕ್ಕು ಈಚಿನದು

ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದ, ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದು ಸಿಕ್ಕಿದ ವಿಷಯ 2004ರಲ್ಲಿ ಪ್ರಕಟವಾಯಿತು. ಅಷ್ಟು ದೀರ್ಘ ಒಡನಾಟದಲ್ಲಿ ಬೆಕ್ಕು ಹಗಲು ರಾತ್ರಿ ನಾಲ್ಕು ಗೋಡೆಗಳ ನಡುವೆಯೇ ಇರುವುದು ಸಾಮಾನ್ಯವಾದದ್ದು ಕಳೆದ ಮುಕ್ಕಾಲು ಶತಮಾನದಲ್ಲಿ. ಅದಕ್ಕೆ ಒಂದು ಕಾರಣ ಮಣ್ಣು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ ಲೋ ಎಂಬಾತ ತೇವ ಹೀರುವ ಒಂದು ಬಗೆಯ ಒಣ ಜೇಡಿಮಣ್ಣನ್ನು ಬೆಕ್ಕಿನ ಮಲಮೂತ್ರಕ್ಕೆಂದು ಮಾರತೊಡಗಿದರು. ಅದಕ್ಕೆ ಮೊದಲು ಬೂದಿ, ಮರಳು ಹಾಕಿದ ತಟ್ಟೆಗಳಿದ್ದವು. ಆ ವಾಸನೆಯನ್ನು ಸಹಿಸುವುದು ಎಲ್ಲರಿಂದಲೂ ಆಗುವ ಮಾತಾಗಿರಲಿಲ್ಲ.

ಎರಡನೆಯ ಅಡ್ಡಿ ಆಹಾರದ್ದು. ಬೆಕ್ಕು ಮಾಂಸ ತಿನ್ನಲೇಬೇಕಾದ ಪ್ರಾಣಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದು ಕಡಿಮೆಯಾದರೆ ಹೃದಯದ ಸ್ನಾಯು ಸಡಿಲಾಗಿ ಹಿಗ್ಗುತ್ತದೆ ಎಂದು ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿದ್ದು 1987ರಲ್ಲಿ. ಆಮೇಲಷ್ಟೇ ಸಿದ್ಧ ಆಹಾರ ತಯಾರಿಸುವವರು ಟಾರಿನ್ನಿನ ಪ್ರಮಾಣ ಹೆಚ್ಚಿಸಿದರು. ಎಂದರೆ, ತಟ್ಟೆಯಲ್ಲಿ ಹಾಕಿದ್ದರಲ್ಲಿ ಕೊರತೆ ಬಿದ್ದದ್ದನ್ನು ಇಲಿ ಹಿಡಿದು ತುಂಬಿಕೊಳ್ಳುತ್ತಿದ್ದ ಬೆಕ್ಕುಗಳ ಕಾಲ ಮುಗಿದು ಹೆಚ್ಚು ದಿನವಾಗಿಲ್ಲ. ಸೋಫಾದ ಮೇಲೆ ಮಲಗಿರುವ ನಿಮ್ಮ ಬೆಕ್ಕಿನ ಹಿಂದಿನ ತಲೆಮಾರುಗಳಲ್ಲಿ ಉಳಿದುಬಂದು ಮರಿ ಹಾಕಿದವು ಚೆನ್ನಾಗಿ ಬೇಟೆಯಾಡುತ್ತಿದ್ದಂಥವೇ. ಬೇಟೆಯ ಹಂಬಲ ಅದರ ಮೈಯಲ್ಲಿ ಹಾಗೆಯೇ ಇದೆ, ಅಡುಗೆಮನೆಯಲ್ಲಿ ಊಟ ಎಷ್ಟೇ ಇರಲಿ.

ಹಸಿವು ಒಂದು, ಬೇಟೆಯ ಹಂಬಲ ಇನ್ನೊಂದು. ಉಣ್ಣುತ್ತಿದ್ದ ಬೆಕ್ಕಿನ ಎದುರು ಇಲಿ ಹಾದುಹೋಗುವಂತೆ ಮಾಡಿದ ಹಳೆಯ ಪ್ರಯೋಗವೊಂದರಲ್ಲಿ ಬೆಕ್ಕುಗಳು ತಮಗೆ ಇಷ್ಟವಾದ ತಿಂಡಿಯನ್ನು ಬಿಟ್ಟು ಎದ್ದು ಇಲಿಯನ್ನು ಕೊಂದವು, ಬಳಿಕ ಮರಳಿ ಬಂದು ಅದೇ ತಿಂಡಿಯನ್ನು ಮುಂದುವರಿಸಿದವು. ‘ಹೊಟ್ಟೆ ತುಂಬ ಹಾಕುತ್ತೇವೆ, ನಮ್ಮದು ಏನನ್ನೂ ಕೊಲ್ಲುವುದಿಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ಹೊರಗಿನ ಅಪಾಯಗಳು

ಹೊರಗಿನ ಬೆಕ್ಕಿನ ಆಯಸ್ಸು ಎರಡರಿಂದ ಐದು ವರ್ಷ, ಒಳಗಿನದರದು ಹದಿನೈದು ಎಂಬ ಸಾಲು ಎಲ್ಲೆಲ್ಲೂ ಓಡಾಡುತ್ತದೆ. ಅದನ್ನು ನಾನು ನಂಬುವುದಿಲ್ಲ. ಹೆಚ್ಚಿನ ಬೆಕ್ಕುಗಳು ಹೊರಗೆ ಹೋಗಿಬರುವ ಇಂಗ್ಲೆಂಡಿನಲ್ಲಿ ಪಶುಚಿಕಿತ್ಸಾಲಯಗಳ ದಾಖಲೆ ಹಿಡಿದು ಮಾಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಕ್ಕುಗಳ ನಡುಮಟ್ಟದ ಆಯಸ್ಸು 14 ವರ್ಷ ಎಂದು ಕಂಡುಬಂತು. ಯಾರೂ ಸಾಕದ ಬೀದಿಬೆಕ್ಕನ್ನೂ, ಊಟ, ಲಸಿಕೆ, ಹಾಸಿಗೆ ಎಲ್ಲ ಇದ್ದು ಹಗಲು ಹೊರಗೆ ಸುತ್ತಿಬರುವ ಬೆಕ್ಕನ್ನೂ ಒಂದೇ ಸಾಲಿಗೆ ಸೇರಿಸಿದ್ದರಿಂದ ಹುಟ್ಟಿದ ಭಯ ಅದು.

ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತದೆ. ಐದು ವರ್ಷದೊಳಗೆ ಸತ್ತ ಬೆಕ್ಕುಗಳಲ್ಲಿ ಸಾವಿಗೆ ಅತಿ ಸಾಮಾನ್ಯ ಕಾರಣ ಪೆಟ್ಟು ಮತ್ತು ಗಾಯ. ಅದರಲ್ಲೂ ಹೆಚ್ಚಿನದು ವಾಹನದಡಿ ಸಿಕ್ಕಿ. ಮೊದಲ ಕೆಲವು ವರ್ಷಗಳನ್ನು ದಾಟಿದ ಬೆಕ್ಕು ದೀರ್ಘಕಾಲ ಬಾಳಬಹುದು, ದಾಟದೆ ಹೋಗುವವು ರಸ್ತೆಯಲ್ಲಿ ಮುಗಿಯುತ್ತವೆ. ನಿಮ್ಮ ಬೆಕ್ಕು ಯಾವ ಗುಂಪಿಗೆ ಸೇರುತ್ತದೆಂದು ಮುಂಚಿತವಾಗಿ ತಿಳಿಯುವ ದಾರಿ ಇಲ್ಲ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಾಕಿದ 55 ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಬಿಟ್ಟಿದ್ದರು. ಸುಮಾರು 45 ಶೇಕಡಾ ಬೆಕ್ಕುಗಳು ರಸ್ತೆ ದಾಟಿದ್ದವು, 25 ಶೇಕಡಾ ಎಲ್ಲೆಲ್ಲೋ ಸಿಕ್ಕಿದ್ದನ್ನು ತಿಂದು ಕುಡಿದಿದ್ದವು, 20 ಶೇಕಡಾ ಮಳೆನೀರಿನ ಚರಂಡಿಯೊಳಕ್ಕೆ ಇಳಿದಿದ್ದವು. ಚಿತ್ರಗಳನ್ನು ನೋಡುವವರೆಗೆ ಸಾಕಿದವರಿಗೆ ಇದರ ಸುಳಿವಿರುವುದಾದರೂ ಹೇಗೆ?

ಜಗಳದ ಗಾಯ ಇನ್ನೂ ಮೋಸದ್ದು. ಇನ್ನೊಂದು ಬೆಕ್ಕು ಕಚ್ಚಿದರೆ ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಸಣ್ಣ ಎರಡು ತೂತು, ಅದೂ ಕೂದಲಿನ ಮರೆಯಲ್ಲಿ. ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ, ಹಲ್ಲಿನೊಡನೆ ಇಳಿದ ಸೂಕ್ಷ್ಮಾಣುಗಳು ಒಳಗೇ ಉಳಿಯುತ್ತವೆ. ಎರಡು ಮೂರು ದಿನ ಕಳೆದ ಮೇಲೆ ಬೆಕ್ಕು ಮಂಕಾಗುತ್ತದೆ, ಊಟ ಬಿಡುತ್ತದೆ. ಕೆನ್ನೆಯ ಬಳಿಯೋ ಬಾಲದ ಬುಡದಲ್ಲೋ ಬಿಸಿಯಾದ ಊತ ಕೈಗೆ ಸಿಗುತ್ತದೆ. ಆ ಹೊತ್ತಿಗೆ ಕೀವು ತುಂಬಿರುತ್ತದೆ. ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಎಂಬ ವೈರಸ್ ಹರಡುವುದೂ ಮುಖ್ಯವಾಗಿ ಇಂಥ ಕಡಿತದಿಂದಲೇ. ಇದು ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕಿನ ರಕ್ತಕ್ಯಾನ್ಸರಿಗೆ ಕಾರಣವಾಗುವ ಎಫ್‌ಇಎಲ್‌ವಿ ವೈರಸ್ಸಿಗಂತೂ ಜಗಳವೂ ಬೇಕಿಲ್ಲ. ಒಂದನ್ನೊಂದು ನೆಕ್ಕಿಕೊಂಡರೂ ಜೊಲ್ಲಿನ ಮೂಲಕ ದಾಟುತ್ತದೆ. ಇದಕ್ಕೆ ಲಸಿಕೆ ಇದೆ, ಹೊರಗೆ ಹೋಗುವ ಬೆಕ್ಕಿಗೆ ಕೊಡಿಸಲೇಬೇಕು. ಇಲಿಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಸಾಯುವುದೂ ಉಂಟು. ಬಿಳಿ ಬೆಕ್ಕುಗಳಿಗೆ ಇವೆಲ್ಲದರ ಜೊತೆಗೆ ಬಿಸಿಲೂ ಸಹ ಶತ್ರು: ಕಿವಿಯ ತುದಿ, ಮೂಗಿನ ಮೇಲೆ ಕೂದಲೂ ಬಣ್ಣವೂ ಕಡಿಮೆಯಾದ್ದರಿಂದ ವರ್ಷಗಟ್ಟಲೆ ಬಿಸಿಲು ಬಿದ್ದಾಗ ಅಲ್ಲಿ ಚರ್ಮದ ಕ್ಯಾನ್ಸರ್ ಬರುತ್ತದೆ.

ಬೇಟೆಯಾಗುವವರ ಕಡೆಯಿಂದ

ಇಲ್ಲಿಯವರೆಗೆ ಹೇಳಿದ್ದು ಬೆಕ್ಕಿನ ಹಿತದ ಲೆಕ್ಕ. ವಾಸ್ತವದಲ್ಲಿ ಜಗತ್ತಿನಾದ್ಯಂತ ಬಿಸಿಯಾದ ವಾದ ನಡೆಯುತ್ತಿರುವುದು ಬೆಕ್ಕಿನ ಬಾಯಿಗೆ ಬೀಳುವವುಗಳ ಕುರಿತು.

ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ಹಾರಲಾರದ ಒಂದು ಪುಟ್ಟ ಹಕ್ಕಿ ಇತ್ತು. 1894ರಲ್ಲಿ ಅಲ್ಲಿ ದೀಪಸ್ತಂಭ ಕೆಲಸ ಆರಂಭಿಸಿತು, ನೋಡಿಕೊಳ್ಳುವವರ ಜೊತೆ ಬೆಕ್ಕೂ ಬಂತು. ಆ ಹಕ್ಕಿಯ ಪರಿಚಯ ವಿಜ್ಞಾನಕ್ಕೆ ಆದದ್ದೇ ಬೆಕ್ಕು ಹಿಡಿದು ತಂದ ಕಳೇಬರಗಳಿಂದ. ಕೆಲವೇ ವರ್ಷಗಳಲ್ಲಿ ಹಕ್ಕಿ ಇಲ್ಲವಾಯಿತು. ಟಿಬಲ್ಸ್ ಎಂಬ ಒಂದೇ ಬೆಕ್ಕು ಇಡೀ ಪ್ರಭೇದವನ್ನು ಮುಗಿಸಿತು ಎಂಬ ಕತೆ ಜನಪ್ರಿಯ. ನಿಜದಲ್ಲಿ ದ್ವೀಪದಲ್ಲಿ ಕಾಡುಪಾಲಾಗಿ ಹೆಚ್ಚಿದ ಹಲವು ಬೆಕ್ಕುಗಳ ಕೆಲಸ ಅದು. 2016ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರವೊಂದು 63 ಪ್ರಭೇದಗಳ ಅಳಿವಿನಲ್ಲಿ ಬೆಕ್ಕಿನ ಕೈವಾಡವನ್ನು ಗುರುತಿಸಿತು: 40 ಹಕ್ಕಿಗಳು, 21 ಸಸ್ತನಿಗಳು, 2 ಸರೀಸೃಪಗಳು.

ಅಮೆರಿಕದ ಅಂದಾಜು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. 2013ರ ಅಧ್ಯಯನವೊಂದರ ಪ್ರಕಾರ ಅಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನೂ, 630 ಕೋಟಿಯಿಂದ 2,230 ಕೋಟಿ ಸಣ್ಣ ಸಸ್ತನಿಗಳನ್ನೂ ಕೊಲ್ಲುತ್ತವೆ. ಇದನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಒಂದು, ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ಪಟ್ಟಿನಷ್ಟು ಅಂತರವಿರುವ ಅಂದಾಜು ಇದು, ಎಣಿಕೆಯಲ್ಲ. ಎರಡು, ಈ ಕೊಲೆಗಳಲ್ಲಿ ಹೆಚ್ಚಿನ ಪಾಲು ಯಾರೂ ಸಾಕದ ಬೆಕ್ಕುಗಳದ್ದೆಂದು ಅದೇ ಅಧ್ಯಯನ ಸ್ಪಷ್ಟವಾಗಿ ಹೇಳಿದೆ. ಬ್ರಿಟನ್ನಿನಲ್ಲೂ ಬೆಕ್ಕುಗಳು ವಸಂತ ಮತ್ತು ಬೇಸಿಗೆಯಲ್ಲಿ ಸುಮಾರು 2.7 ಕೋಟಿ ಹಕ್ಕಿಗಳನ್ನು ಹಿಡಿಯುತ್ತವೆಂಬ ಅಂದಾಜಿದೆ. ಆದರೂ ಅದರಿಂದ ಇಡೀ ದೇಶದ ಹಕ್ಕಿಗಳ ಸಂಖ್ಯೆ ಕುಸಿಯುತ್ತಿದೆ ಎನ್ನಲು ಸ್ಪಷ್ಟ ಪುರಾವೆ ಇಲ್ಲವೆಂದು ಹಕ್ಕಿಗಳ ರಕ್ಷಣೆಗೇ ಇರುವ ಅಲ್ಲಿನ ಸಂಸ್ಥೆ ಆರ್‌ಎಸ್‌ಪಿಬಿ ಹೇಳುತ್ತ ಬಂದಿದೆ.

ಹಾಗಾದರೆ ಸಾಕಿದ ಬೆಕ್ಕು ನಿರಪರಾಧಿಯೇ? ಅಲ್ಲ. ಆರು ದೇಶಗಳ 925 ಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ಬೆಕ್ಕುಗಳು ಮನೆಯಿಂದ ನೂರು ಮೀಟರಿಗಿಂತ ಹೆಚ್ಚು ದೂರ ಹೋಗಿರಲಿಲ್ಲ. ಕೇಳಲು ಇದು ಸಮಾಧಾನದ ಮಾತು. ತಿರುಗಿಸಿ ನೋಡಿದರೆ ಸಮಾಧಾನವಿಲ್ಲ: ಕಾಡಿನ ಬೇಟೆಗಾರ ಹತ್ತಾರು ಪಟ್ಟು ದೊಡ್ಡ ಜಾಗದಲ್ಲಿ ಹಂಚಿ ಬೇಟೆಯಾಡಿದರೆ, ಬೆಕ್ಕಿನ ಬೇಟೆಯೆಲ್ಲ ಆ ನೂರು ಮೀಟರಿನೊಳಗೇ ನಡೆಯುತ್ತದೆ, ಪಕ್ಕದ ಮನೆಯ ಬೆಕ್ಕಿನದೂ ಅಲ್ಲೇ. ಒಂದು ನಿರ್ದಿಷ್ಟ ಜಾಗದಲ್ಲಿ ಸಾಕುಬೆಕ್ಕುಗಳಿಂದಾಗುವ ಹಾನಿ ಅಷ್ಟೇ ಗಾತ್ರದ ಕಾಡುಪ್ರಾಣಿಗಳಿಂದ ಆಗುವುದಕ್ಕಿಂತ 4ರಿಂದ 10 ಪಟ್ಟು ಹೆಚ್ಚೆಂದು ಸಂಶೋಧಕರು ಲೆಕ್ಕಹಾಕಿದರು. ಮನೆಯ ಸುತ್ತಲಿನ ತೋಟದಲ್ಲಿ ಹಕ್ಕಿ ಕಡಿಮೆಯಾಯಿತೆಂದರೆ ದೇಶದ ಅಂಕಿಅಂಶ ಹಿಡಿದು ಯಾರನ್ನೂ ಸಮಾಧಾನಪಡಿಸಲಾಗದು.

‘ನಮ್ಮ ಬೆಕ್ಕು ವರ್ಷಕ್ಕೆ ಒಂದೆರಡು ಇಲಿ ತರುತ್ತದೆ ಅಷ್ಟೇ’ ಎಂಬ ಮಾತಿಗೂ ಜಾರ್ಜಿಯಾದ ಕ್ಯಾಮೆರಾಗಳು ಉತ್ತರ ಕೊಟ್ಟಿವೆ. ಆ ಬೆಕ್ಕುಗಳಲ್ಲಿ 44 ಶೇಕಡಾ ಬೇಟೆಯಾಡಿದವು. ಹಿಡಿದದ್ದರಲ್ಲಿ ಮನೆಗೆ ತಂದದ್ದು ಕಾಲುಭಾಗಕ್ಕೂ ಕಡಿಮೆ. ಅರ್ಧದಷ್ಟನ್ನು ಕೊಂದ ಜಾಗದಲ್ಲೇ ಬಿಟ್ಟುಬಂದಿದ್ದವು, ಉಳಿದದ್ದನ್ನು ಅಲ್ಲೇ ತಿಂದಿದ್ದವು. ಹೊಸ್ತಿಲ ಮೇಲೆ ಒಂದು ಬಿದ್ದಿದ್ದರೆ ಕಣ್ಣಿಗೆ ಬೀಳದ ಇನ್ನು ಮೂರನ್ನು ಅದಕ್ಕೆ ಸೇರಿಸಿಕೊಳ್ಳಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಮ್ಮ ಗಾದೆ ಕೇಳುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಕಟ್ಟಿಯೇ ನೋಡಿದರು; 2021ರ ಅವರ ವರದಿಯ ಪ್ರಕಾರ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವೇನೂ ಆಗಲಿಲ್ಲ. ಕೊರಳಪಟ್ಟಿಗೆ ಗಾಢ ಬಣ್ಣದ ಬಟ್ಟೆಯ ನೆರಿಗೆ ಹಾಕಿದಾಗ ಬೆಕ್ಕು ಮನೆಗೆ ತಂದ ಹಕ್ಕಿಗಳ ಸಂಖ್ಯೆ 42 ಶೇಕಡಾ ಇಳಿಯಿತು, ಏಕೆಂದರೆ ಹಕ್ಕಿಗಳ ಬಣ್ಣದ ದೃಷ್ಟಿ ಚುರುಕು. ಇಲಿಗಳಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ತಂದ ಬೇಟೆ 36 ಶೇಕಡಾ ಕಡಿಮೆಯಾಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದಾಗ 25 ಶೇಕಡಾ ಕಡಿಮೆ. ಈ ಕೊನೆಯ ಅಂಕಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬೇಟೆಯ ಹಂಬಲದಲ್ಲಿ ಒಂದು ಪಾಲನ್ನು ಮನೆಯೊಳಗೇ ತೀರಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಬಾಗಿಲು ಹಾಕಿದರೆ ಅಪಾಯ ಮುಗಿಯಿತೇ?

ಒಳಗಿರುವ ಬೆಕ್ಕಿನ ಮೊದಲ ಶತ್ರು ಬೇಸರ, ಅದು ಮೊದಲು ಕಾಣಿಸಿಕೊಳ್ಳುವುದು ತೂಕದಲ್ಲಿ. ಬೊಜ್ಜಿನ ಹಿಂದೆಯೇ ಮಧುಮೇಹ, ಕೀಲುನೋವು. ಆದರೆ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಮೂತ್ರಕೋಶ. ಸೋಂಕೂ ಇಲ್ಲದೆ, ಕಲ್ಲೂ ಇಲ್ಲದೆ ಬೆಕ್ಕಿನ ಮೂತ್ರಕೋಶ ಉರಿಯೂತಕ್ಕೆ ಒಳಗಾಗುವ ಒಂದು ರೋಗವಿದೆ. ಇದು ಒತ್ತಡಕ್ಕೆ ಅಂಟಿಕೊಂಡ ರೋಗ, ಮನೆಯೊಳಗೇ ಇರುವ ಬೆಕ್ಕುಗಳಲ್ಲಿ ಹೆಚ್ಚು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ಇಂಥ ಬೆಕ್ಕುಗಳ ಮನೆಯ ಪರಿಸರವನ್ನೇ ಬದಲಿಸುವ ಚಿಕಿತ್ಸೆ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು: ಅಡಗುವ ಜಾಗ, ಎತ್ತರದ ಜಾಗ, ಆಟ, ಶುಚಿಯಾದ ಮಣ್ಣಿನ ತಟ್ಟೆ ಇವುಗಳಿಂದಲೇ ರೋಗಲಕ್ಷಣಗಳು ಗಮನಾರ್ಹವಾಗಿ ಇಳಿದವು.

ಗಂಡು ಬೆಕ್ಕಿನಲ್ಲಿ ಈ ರೋಗ ಪ್ರಾಣಕ್ಕೇ ಬರಬಹುದು, ಅದರ ಮೂತ್ರನಾಳ ಅಷ್ಟು ಕಿರಿದು. ಬೆಕ್ಕು ಮತ್ತೆ ಮತ್ತೆ ತಟ್ಟೆಗೆ ಹೋಗುತ್ತದೆ, ಕುಕ್ಕರಗಾಲಲ್ಲಿ ಕೂತು ತಿಣುಕುತ್ತದೆ, ಒಂದೆರಡು ಹನಿ ಬಂದರೆ ಬಂತು, ಎದ್ದು ಅಲ್ಲೇ ನೆಕ್ಕಿಕೊಳ್ಳುತ್ತದೆ. ಮಲಬದ್ಧತೆ ಇರಬೇಕೆಂದು ಮನೆಯವರು ಸುಮ್ಮನಾಗುವುದು ಇಲ್ಲೇ. ನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಎರಡು ಮೂರು ದಿನಗಳಲ್ಲಿ ಸಾವು ಬರುತ್ತದೆ. ತಟ್ಟೆಯಲ್ಲಿ ಒದ್ದೆಯಾದ ಗುರುತೇ ಇಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬಾರದು.

ಮನೆಯೊಳಗಿನ ವಿಷಗಳನ್ನೂ ಹೇಳಬೇಕು. ಲಿಲ್ಲಿ ಹೂವು ಬೆಕ್ಕಿನ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ. ಎಲೆ, ದಳ ಮಾತ್ರವಲ್ಲ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಸಾಕು. ಪ್ಯಾರಸಿಟಮಾಲ್ ಅನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಸರಿಯಾಗಿಲ್ಲ. ಒಂದೇ ಮಾತ್ರೆ ಕೊಲ್ಲಬಲ್ಲದು. ನಾಯಿಗಳ ಚಿಗಟಕ್ಕೆ ಹಾಕುವ ಪರ್ಮೆತ್ರಿನ್ ಔಷಧವೂ ಹಾಗೆಯೇ. ದಾರ ನುಂಗಿದ ಬೆಕ್ಕಿನ ಬಾಯಿಂದಲೋ ಗುದದಿಂದಲೋ ತುದಿ ಇಣುಕುತ್ತಿದ್ದರೆ ಎಳೆಯಬಾರದು, ಕರುಳು ಹರಿದೀತು.

ಎತ್ತರದ ಕಟ್ಟಡಗಳಲ್ಲಿ ಕಿಟಕಿ, ಬಾಲ್ಕನಿ ದೊಡ್ಡ ಗಂಡಾಂತರ. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಮಹಡಿಯಿಂದ ಬಿದ್ದ 132 ಬೆಕ್ಕುಗಳು ಬಂದವು. 1987ರ ವರದಿಯಂತೆ ಚಿಕಿತ್ಸೆ ಪಡೆದವುಗಳಲ್ಲಿ 90 ಶೇಕಡಾ ಬದುಕಿದವು. ಏಳನೆಯ ಮಹಡಿಗಿಂತ ಮೇಲಿನಿಂದ ಬಿದ್ದವಕ್ಕೆ ಪೆಟ್ಟು ಕಡಿಮೆ ಎಂಬ ವಿಚಿತ್ರ ಸಂಗತಿಯೂ ಅದರಲ್ಲಿತ್ತು. ಬೀಳುವ ವೇಗ ಒಂದು ಮಿತಿಗೆ ಮುಟ್ಟಿದ ಮೇಲೆ ಬೆಕ್ಕು ಮೈ ಸಡಿಲಿಸಿ ಕಾಲು ಹರಡುತ್ತದೆ ಎಂದು ವಿವರಣೆ ಕೊಟ್ಟರು. ಆ ವಿವರಣೆಯಲ್ಲಿ ಸತ್ಯಾಂಶ ಇರಬಹುದು. ಆದರೆ ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲವಲ್ಲ, ಅವು ಈ ಲೆಕ್ಕಕ್ಕೇ ಬಂದಿಲ್ಲ. ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲಿನ ಮೇಲೇ ನಿಲ್ಲುತ್ತದೆಂಬ ಧೈರ್ಯಕ್ಕಿಂತ ಕಿಟಕಿಗೊಂದು ಗಟ್ಟಿ ಜಾಲರಿ ಮೇಲು.

ಬೇಟೆಯನ್ನು ಮನೆಗೆ ತರುವುದು

ಬೆಕ್ಕು ದಿನದ ಹೆಚ್ಚಿನ ಹೊತ್ತು ಮಲಗುತ್ತದೆ. ಮುಂಜಾವು, ಮುಸ್ಸಂಜೆ ಅದರ ಚುರುಕಿನ ಸಮಯ. ಒಂದು ಇಲಿಯಲ್ಲಿ ಸಿಗುವುದು ಸುಮಾರು 30 ಕಿಲೋಕ್ಯಾಲೊರಿ. ಹಾಗಾಗಿ ಬೇಟೆಯನ್ನೇ ನಂಬಿದ ಬೆಕ್ಕು ದಿನಕ್ಕೆ ಎಂಟು ಹತ್ತು ಸಲ ಹಿಡಿಯಬೇಕು, ಅದಕ್ಕಾಗಿ ಇನ್ನೂ ಹೆಚ್ಚು ಸಲ ಹೊಂಚಿ ಸೋಲಬೇಕು. ಬೆಳಿಗ್ಗೆ ಒಂದು, ರಾತ್ರಿ ಒಂದು ಬಟ್ಟಲು ತುಂಬಿಟ್ಟರೆ ಈ ಇಡೀ ದಿನಚರಿ ಎರಡು ನಿಮಿಷಕ್ಕೆ ಇಳಿಯುತ್ತದೆ. ಉಳಿದ ಹೊತ್ತು ಅದು ಪರದೆ ಹತ್ತಿದರೆ, ನಡೆಯುವ ಕಾಲಿಗೆ ಎಗರಿದರೆ, ನಸುಕಿನ ನಾಲ್ಕಕ್ಕೆ ಎಬ್ಬಿಸಿದರೆ ತಪ್ಪು ಹೊರಿಸುವುದು ಯಾರ ಮೇಲೆ?

ಆಡಿಸುವುದರಲ್ಲೂ ಒಂದು ಕ್ರಮವಿದೆ. ಕೋಲಿನ ತುದಿಗೆ ದಾರ, ದಾರದ ತುದಿಗೆ ಗರಿ ಅಥವಾ ತುಪ್ಪಳದ ತುಂಡು ಕಟ್ಟಿದ ಆಟಿಕೆ ಸಾಕು. ಹೆಚ್ಚಿನವರು ಅದನ್ನು ಬೆಕ್ಕಿನ ಮುಖದ ಮುಂದೆಯೇ ಕುಣಿಸುತ್ತಾರೆ, ಬೆಕ್ಕು ಎದ್ದು ಹೋಗುತ್ತದೆ, ಇದಕ್ಕೆ ಆಟವೇ ಬೇಡ ಎಂದು ತೀರ್ಮಾನವಾಗುತ್ತದೆ. ಯಾವ ಇಲಿಯೂ ಬೆಕ್ಕಿನ ಮೂಗಿನ ಕಡೆಗೆ ಓಡಿಬರುವುದಿಲ್ಲ. ಮೇಲಾಗಿ ಮೂಗಿನ ಹತ್ತಿರ ಗೇಣುದ್ದದೊಳಗಿನ ವಸ್ತು ಬೆಕ್ಕಿಗೆ ಸ್ಪಷ್ಟವಾಗಿ ಕಾಣುವುದೂ ಇಲ್ಲ. ಗರಿಯನ್ನು ಬೆಕ್ಕಿನಿಂದ ದೂರಕ್ಕೆ, ಗೋಡೆಯ ಬುಡ ಹಿಡಿದು ಎಳೆಯಿರಿ. ನಿಲ್ಲಿಸಿ. ಕುರ್ಚಿಯ ಕಾಲಿನ ಹಿಂದೆ ಮರೆಮಾಡಿ ತುದಿಯನ್ನಷ್ಟೇ ಸಣ್ಣಗೆ ಅಲುಗಿಸಿ. ಬೆಕ್ಕಿನ ಮೈ ನೆಲಕ್ಕೆ ಅಂಟುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಹಿಂಬದಿ ಎಡಕ್ಕೂ ಬಲಕ್ಕೂ ತೂಗತೊಡಗುತ್ತದೆ. ಎಗರಿ ಹಿಡಿದಾಗ ಹಿಡಿಯಲು ಬಿಡಿ, ಹಿಂಗಾಲಿನಿಂದ ಒದೆಯಲು ಬಿಡಿ. ಕೊನೆಯ ಹಿಡಿತದ ಬೆನ್ನಿಗೇ ಊಟ ಕೊಟ್ಟರೆ ಬೇಟೆಯ ಸರಣಿ ಪೂರ್ತಿಯಾಗುತ್ತದೆ: ನೋಟ, ಹೊಂಚು, ನೆಗೆತ, ಹಿಡಿತ, ಊಟ, ನೆಕ್ಕಿಕೊಂಡು ನಿದ್ದೆ. ಗೋಡೆಯ ಮೇಲೆ ಓಡಿಸುವ ಲೇಸರ್ ಬೆಳಕು ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ. ಅದರಲ್ಲಿ ಹಿಡಿತವೇ ಇಲ್ಲ, ಬೆಕ್ಕು ಕೆರಳುತ್ತದೆ, ತಣಿಯುವುದಿಲ್ಲ.

ಆಟದ ಆಚೆಗಿನ ಅಗತ್ಯಗಳು ಸರಳ. ಹತ್ತಿ ಕೂತು ಕೋಣೆಯನ್ನೆಲ್ಲ ನೋಡಬಹುದಾದ ಎತ್ತರದ ಜಾಗ. ಯಾರೂ ಕೈ ಹಾಕದ ಒಂದು ಗೂಡು. ರಟ್ಟಿನ ಪೆಟ್ಟಿಗೆಯಾದರೂ ಸರಿ. ಮೈಯುದ್ದ ಚಾಚಿ ಉಗುರು ಮಸೆಯುವಷ್ಟು ಎತ್ತರದ, ಅಲ್ಲಾಡದ ಕಂಬ. ಕಂಬವನ್ನು ಮೂಲೆಯಲ್ಲಿ ಬಚ್ಚಿಟ್ಟರೆ ಪ್ರಯೋಜನವಿಲ್ಲ. ಉಗುರು ಮಸೆಯುವುದೆಂದರೆ ಬೆಕ್ಕು ತನ್ನ ವಾಸನೆಯ ಗುರುತು ಬಿಡುವುದೂ ಹೌದು, ಅದು ಎಲ್ಲರೂ ಓಡಾಡುವ ದಾರಿಯಲ್ಲೇ ಇರಬೇಕು. ಮಣ್ಣಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಬೆಕ್ಕಿನ ಉದ್ದದ ಒಂದೂವರೆ ಪಟ್ಟು ದೊಡ್ಡವಿರಲಿ, ಊಟದ ಬಟ್ಟಲಿನಿಂದ ದೂರವಿರಲಿ. ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ತಟ್ಟೆಯನ್ನು ದಿನವೂ ಶುಚಿಮಾಡುವುದಕ್ಕೆ ಮನುಷ್ಯರ ಆರೋಗ್ಯದ ಕಾರಣವೂ ಇದೆ. ಗರ್ಭಿಣಿಯರನ್ನು ಹೆದರಿಸುವ ಟಾಕ್ಸೊಪ್ಲಾಸ್ಮಾ ಪರಾವಲಂಬಿಯ ಮೊಟ್ಟೆಯಂಥ ಕಣಗಳು ಬೆಕ್ಕಿನ ಮಲದಲ್ಲಿ ಹೊರಬಿದ್ದ ಕೂಡಲೇ ಸೋಂಕು ತಗಲಿಸಲಾರವು, ಅದಕ್ಕೆ ಒಂದರಿಂದ ಐದು ದಿನ ಬೇಕು. ಹೊರಗೆ ಬೇಟೆಯಾಡದ, ಹಸಿ ಮಾಂಸ ತಿನ್ನದ ಬೆಕ್ಕಿಗೆ ಆ ಸೋಂಕು ತಗಲುವ ಸಂಭವವೇ ಕಡಿಮೆ.

ನಡುವಿನ ದಾರಿ

ಪೂರ್ತಿ ಒಳಗೆ, ಪೂರ್ತಿ ಹೊರಗೆ ಎಂಬ ಎರಡೇ ಆಯ್ಕೆ ಇರುವುದಲ್ಲ. ಬಾಲ್ಕನಿಗೆ ಅಥವಾ ಹಿತ್ತಿಲಿನ ಒಂದು ಭಾಗಕ್ಕೆ ಮೇಲೂ ಸೇರಿದಂತೆ ಜಾಲರಿ ಹಾಕಿಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಉತ್ತಮ. ಗಾಳಿ, ಬಿಸಿಲು, ಹಕ್ಕಿಗಳ ಸದ್ದು ಎಲ್ಲವೂ ಸಿಗುತ್ತವೆ. ವಾಹನ, ಜಗಳ, ಬೇಟೆ ಇರುವುದಿಲ್ಲ. ಅದು ಸಾಧ್ಯವಿಲ್ಲ, ಹೊರಗೆ ಬಿಡಲೇಬೇಕು ಎನ್ನುವವರು ಕನಿಷ್ಠ ರಾತ್ರಿ ಒಳಗಿಡಲಿ, ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಹಗಲೂ ಒಳಗಿಡಲಿ. ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದ ಒಂದು ಭಾಗದಲ್ಲಿ 2022ರಲ್ಲಿ ಇಂಥ ಆಜ್ಞೆಯೇ ಹೊರಟಿತ್ತು. ನೆಲದ ಮೇಲೆ ಗೂಡು ಕಟ್ಟುವ, ತಲೆಯ ಮೇಲೆ ಜುಟ್ಟಿರುವ ಅಪರೂಪದ ಹಕ್ಕಿಯೊಂದನ್ನು ಉಳಿಸಲು ಆಗಸ್ಟ್ ಕೊನೆಯವರೆಗೆ ಬೆಕ್ಕುಗಳನ್ನು ಮನೆಯೊಳಗಿಡಬೇಕು, ಇಲ್ಲವಾದರೆ ದಂಡ. ಬೆಕ್ಕು ಸಾಕಿದವರು ಸಿಟ್ಟಾದರು. ಹಾರಲು ಬಾರದ ಮರಿಗಳು ನೆಲದಲ್ಲಿರುವ ಆ ಕೆಲವು ವಾರಗಳ ಮಟ್ಟಿಗೆ ನನ್ನ ಮತ ಹಕ್ಕಿಗೆ.

ಹೊರಗೆ ಹೋಗುವ ಬೆಕ್ಕಿಗೆ ಸಂತಾನಹರಣ ಚಿಕಿತ್ಸೆಯ ವಿಷಯದಲ್ಲಿ ಚರ್ಚೆ ಬೇಡ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಅಳಿವಿನಂಚಿನಲ್ಲಿರುವ ಸ್ಕಾಟ್ಲೆಂಡಿನ ಕಾಡುಬೆಕ್ಕಿಗೆ ಇಂದು ದೊಡ್ಡ ಕಂಟಕ ಬಂದೂಕಲ್ಲ, ಅದರೊಡನೆ ಕೂಡುವ ಸಾಕುಬೆಕ್ಕು.

ಎಲ್ಲ ಬೆಕ್ಕಿಗೂ ಒಂದೇ ತೀರ್ಪು ಸಲ್ಲುವುದಿಲ್ಲ. ಮರಿಯಿಂದಲೇ ಒಳಗೆ ಬೆಳೆದದ್ದು ಹೊರಗನ್ನು ಬಯಸುವುದು ಅಪರೂಪ. ಕಿವುಡಾದ, ಕುರುಡಾದ, ಮುದಿಯಾದ, ಎಫ್‌ಐವಿ ಇರುವ ಬೆಕ್ಕು ಒಳಗೇ ಇರಬೇಕು. ಇನ್ನೊಂದು ತುದಿಯಲ್ಲಿ, ಹುಟ್ಟಿದ ಎರಡರಿಂದ ಏಳನೆಯ ವಾರದ ನಡುವೆ ಮನುಷ್ಯರ ಸ್ಪರ್ಶವೇ ಸಿಗದೆ ಬೆಳೆದ ಬೀದಿಬೆಕ್ಕು ಇದೆ. ಅಂಥದ್ದನ್ನು ಕರುಣೆಯಿಂದ ಮನೆಯೊಳಗೆ ಕೂಡಿಹಾಕಿದರೆ ಅದು ಮಂಚದಡಿ ಸೇರಿಕೊಂಡು ಊಟ ಬಿಡುತ್ತದೆ. ಸಂತಾನಹರಣ, ಲಸಿಕೆ ಮಾಡಿಸಿ ಅದರ ಜಾಗದಲ್ಲೇ ಬಿಡುವುದು ಅದರ ಮಟ್ಟಿಗೆ ಹೆಚ್ಚಿನ ದಯೆ.

ಹೊರಗೆ ಓಡಾಡಿ ಅಭ್ಯಾಸವಾದ ಸಾಕುಬೆಕ್ಕನ್ನು ಒಳಗಿಗೆ ತರಬೇಕಾದರೆ ಒಂದೇ ದಿನದಲ್ಲಿ ಬಾಗಿಲು ಜಡಿಯಬೇಡಿ. ಮೊದಲು ರಾತ್ರಿಯ ಊಟವನ್ನು ಮುಸ್ಸಂಜೆಗೆ ತನ್ನಿ, ಒಳಗೇ ಕೊಡಿ, ಆಮೇಲೆ ಬೆಳಗಿನವರೆಗೆ ಬಿಡಬೇಡಿ. ತಟ್ಟೆಯಲ್ಲಿ ಆರಂಭದಲ್ಲಿ ಅದು ಹೊರಗೆ ಕೆದರುತ್ತಿದ್ದ ಜಾಗದ ಮಣ್ಣನ್ನೇ ಬೆರೆಸಿಡಿ. ಹಗಲಿನ ಅವಧಿಯನ್ನು ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತ ಬನ್ನಿ. ಬಾಗಿಲ ಬಳಿ ಕೂತು ಕೂಗುತ್ತದೆ, ಖಂಡಿತ ಕೂಗುತ್ತದೆ. ಒಂಬತ್ತು ಸಲ ಸಹಿಸಿ ಹತ್ತನೆಯ ಸಲ ತೆರೆದರೆ, ಹತ್ತು ಸಲ ಕೂಗಿದರೆ ತೆರೆಯುತ್ತದೆಂದು ನೀವೇ ಪಾಠ ಹೇಳಿದಂತಾಗುತ್ತದೆ. ಅದು ಹೊರಗೆ ಹೋಗುತ್ತಿದ್ದ ಹೊತ್ತಿಗೆ ಕಾಲು ಗಂಟೆ ಮುಂಚೆಯೇ ಗರಿಯ ಕೋಲು ಹಿಡಿಯುವುದು ಹೆಚ್ಚು ಫಲಕಾರಿ. ಹೊಟ್ಟೆಯ ಕೂದಲು ಬೋಳಾಗುವಷ್ಟು ನೆಕ್ಕಿಕೊಳ್ಳತೊಡಗಿದರೆ, ತಟ್ಟೆ ಬಿಟ್ಟು ಬೇರೆಡೆ ಮೂತ್ರ ಮಾಡಿದರೆ, ದಿನವಿಡೀ ಅಡಗಿ ಕೂತರೆ ಪಶುವೈದ್ಯರಿಗೆ ತೋರಿಸಿ. ಹಟ ಎಂದು ಬಗೆದು ಬೈಯುವುದರಿಂದ ಒತ್ತಡ ಇನ್ನಷ್ಟು ಹೆಚ್ಚುತ್ತದೆ.

ಎದೆಪಟ್ಟಿ ಕಟ್ಟಿ ಹೊರಗೆ ಕರೆದೊಯ್ಯುವ ಆಲೋಚನೆಯಿದ್ದರೆ ಮೊದಲು ಕೆಲವು ದಿನ ಪಟ್ಟಿಯನ್ನು ಮನೆಯೊಳಗೇ ತೊಡಿಸಿ ರೂಢಿಮಾಡಿಸಿ. ದಿನವೂ ಒಂದೇ ಹೊತ್ತಿಗೆ ಹೊರಡಿ, ಕೂಗಿದಾಗಲೆಲ್ಲ ಹೊರಡಬೇಡಿ. ಹೊಸ್ತಿಲನ್ನು ಅದರ ಕಾಲಲ್ಲೇ ದಾಟಿಸುವ ಬದಲು ಎತ್ತಿಕೊಂಡೋ ಬುಟ್ಟಿಯಲ್ಲಿಟ್ಟೋ ದಾಟಿಸಿ, ಆಚೆ ಹೋದ ಮೇಲೆ ಕೆಳಗಿಳಿಸಿ. ತಾನೇ ನಡೆದು ದಾಟಿದ ಬಾಗಿಲನ್ನು ಬೆಕ್ಕು ಮರೆಯುವುದಿಲ್ಲ, ಮುಂದೊಂದು ದಿನ ಅದು ಅರೆತೆರೆದಿದ್ದಾಗ ಪಟ್ಟಿಗಾಗಿ ಕಾಯುವುದೂ ಇಲ್ಲ.